ಸೂರ್ಯ ತಿರುಗಿದ್ದು ಯಾವತ್ತು?

1/10

ಫೋಟೋಗಳನ್ನ ಒಂದೊಂದಾಗಿ ಸ್ವೈಪ್ ಮಾಡ್ತಾ ಹೋಗಿ. ಒಂದೇ ತಾರಸಿ, ಒಂದೇ ಮೂಲೆ, ಒಂದೇ ಫೋನು. ಮೈಸೂರಿನ ನಮ್ಮ ಮನೆ ಮೇಲಿಂದ ತೆಗೆದ ಹನ್ನೆರಡು ಸೂರ್ಯಾಸ್ತಗಳು, ತಿಂಗಳಿಗೊಂದು. (ಜುಲೈ ಫೋಟೋದಲ್ಲಿ ಬರೀ ಮೋಡ ಇದೆ, ಬೇಜಾರು ಮಾಡ್ಕೋಬೇಡಿ.) ಜೂನ್‌ನಲ್ಲಿ ಸೂರ್ಯ ಬಲಗಡೆ ಮೊಬೈಲ್ ಟವರಿನ ಹಿಂದೆ ಇಳೀತಾನೆ. ಡಿಸೆಂಬರ್‌ನಲ್ಲಿ ಎಡಗಡೆ, ಎದುರುಮನೆಯವರ ನೀರಿನ ಟ್ಯಾಂಕಿನ ಆಚೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಟವರಿಂದ ಟ್ಯಾಂಕಿಗೆ ಹೆಚ್ಚುಕಡಿಮೆ ಐದು ಮುಷ್ಟಿ. ಲೆಕ್ಕ ಹಾಕಿದರೆ 48 ಡಿಗ್ರಿ.

ಸೂರ್ಯ ಪಶ್ಚಿಮದಲ್ಲಿ ಮುಳುಗ್ತಾನೆ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಆದರೆ ಸರಿಯಾಗಿ ಪಶ್ಚಿಮದಲ್ಲೇ ಮುಳುಗೋದು ವರ್ಷಕ್ಕೆ ಎರಡೇ ಸಲ: ಮಾರ್ಚ್ 20ರ ಆಸುಪಾಸು, ಆಮೇಲೆ ಸೆಪ್ಟೆಂಬರ್ 22-23ರ ಹೊತ್ತಿಗೆ. ಉಳಿದ ದಿನಗಳಲ್ಲಿ ಒಂದೋ ಬಲಕ್ಕೆ, ಇಲ್ಲಾ ಎಡಕ್ಕೆ. ಇದಕ್ಕೆಲ್ಲ ಕಾರಣ ಭೂಮಿಯ ಅಕ್ಷ 23.4 ಡಿಗ್ರಿ ವಾಲಿರೋದು. ಚಳಿಗಾಲದಲ್ಲಿ ಸೂರ್ಯನಿಂದ ದೂರ ಹೋಗ್ತೀವಿ, ಅದಕ್ಕೇ ಚಳಿ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ನಿಜ ಏನಂದ್ರೆ ನಾವು ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ 15.2 ಕೋಟಿ.

ಈ ಸಲದ ಸರಣಿ ಗ್ರಹಗಳ ವಾಲುವಿಕೆ, ಗ್ರಹಗಳ ತಿರುಗುವಿಕೆ ಬಗ್ಗೆ. ಇದನ್ನ ಬರೆಯೋಕೆ ಕಾರಣ ನಮ್ಮಮ್ಮ. ಹೋದ ವರ್ಷ ಜನವರಿಯಲ್ಲಿ ಅವರು ಒಂದು ಪ್ರಶ್ನೆ ಕೇಳಿದ್ರು: "ಸೂರ್ಯ ಉತ್ತರಕ್ಕೆ ತಿರುಗೋದು ನಿಜವಾಗಿ ಯಾವತ್ತು?" ಅವರಿಗೆ ತಾರೀಖು ಬೇಕಿತ್ತು, ಪಾಠ ಬೇಕಿರ್ಲಿಲ್ಲ. ಯಾಕೆ ಬೇಕಿತ್ತು ಅನ್ನೋದನ್ನ ಎಂಟನೇ ಕಂತಿನಲ್ಲಿ ಹೇಳ್ತೀನಿ. ಅಲ್ಲಿಗೆ ಹೋಗೋಕೆ ದಾರಿಯಲ್ಲಿ ಬೇರೆ ಗ್ರಹಗಳನ್ನೂ ನೋಡ್ಕೊಂಡು ಹೋಗ್ಬೇಕು. ಅಮ್ಮನಿಗೂ ಹಾಗೇ ಹೇಳಿದ್ದು.

2/10

ಬುಗುರಿ ಆಡಿದವರಿಗೆ ಅರ್ಧ ಪಾಠ ಆಗ್ಲೇ ಗೊತ್ತು. ಚಾಟಿ ಸುತ್ತಿ ಬೀಸಿದ ಬುಗುರಿ ತನ್ನ ಮೊಳೆಯ ಮೇಲೆ ತಾನು ಗಿರಗಿರ ತಿರುಗುತ್ತೆ, ಜೊತೆಗೆ ನೆಲದ ಮೇಲೆ ಒಂದು ಸುತ್ತನ್ನೂ ಹಾಕುತ್ತೆ. ಭೂಮಿಗೂ ಇವೆರಡೂ ಕೆಲಸ ಇವೆ.

ತನ್ನ ಸುತ್ತ ಒಂದು ಸುತ್ತು ಮುಗಿಸೋಕೆ ಭೂಮಿಗೆ ಬೇಕಾಗೋದು 24 ಗಂಟೆ ಅಲ್ಲ. 23 ಗಂಟೆ 56 ನಿಮಿಷ 4 ಸೆಕೆಂಡು. ಆದರೆ ಅಷ್ಟು ಹೊತ್ತಿಗೆ ಭೂಮಿ ಸೂರ್ಯನ ಸುತ್ತಲಿನ ದಾರಿಯಲ್ಲೂ ಒಂದು ಹೆಜ್ಜೆ ಮುಂದೆ ಹೋಗಿರುತ್ತೆ. ಸೂರ್ಯ ಮತ್ತೆ ನೆತ್ತಿಯ ನೇರಕ್ಕೆ ಬರಬೇಕಾದರೆ ಇನ್ನೊಂದು ನಾಲ್ಕು ನಿಮಿಷ ಜಾಸ್ತಿ ತಿರುಗಬೇಕು. ಆಗ 24 ಗಂಟೆ ಆಗುತ್ತೆ. ನಕ್ಷತ್ರಗಳು ದಿನಾ ನಾಲ್ಕು ನಿಮಿಷ ಮೊದಲೇ ಹುಟ್ಟೋದೂ ಇದೇ ಕಾರಣಕ್ಕೆ. ಇವತ್ತು ರಾತ್ರಿ ಎಂಟಕ್ಕೆ ಎಲ್ಲಿ ಕಂಡಿತೋ, ತಿಂಗಳಾದ ಮೇಲೆ ಅದೇ ನಕ್ಷತ್ರ ಆರಕ್ಕೇ ಅಲ್ಲಿಗೆ ಬಂದಿರುತ್ತೆ.

ವೇಗ ಎಷ್ಟು ಅಂತೀರಾ? ಸಮಭಾಜಕದಲ್ಲಿ ಗಂಟೆಗೆ ಸುಮಾರು 1,670 ಕಿಲೋಮೀಟರ್. ಮೈಸೂರಲ್ಲಿ ಸುಮಾರು 1,630. ಕಾಫಿ ಲೋಟ ಕೈಯಲ್ಲಿ ಹಿಡ್ಕೊಂಡು ಕೂತಿರೋ ನಾವೂ ಅದೇ ವೇಗದಲ್ಲಿ ಹೋಗ್ತಾ ಇದ್ದೀವಿ. ಲೋಟ, ಗಾಳಿ, ಗೋಡೆ ಎಲ್ಲವೂ ಜೊತೆಗೇ ಹೋಗೋದರಿಂದ ಗೊತ್ತಾಗಲ್ಲ.

ಇನ್ನು ವಾಲುವಿಕೆ. ಮುಖ್ಯ ವಿಷಯ ಏನಂದ್ರೆ, ವರ್ಷಪೂರ್ತಿ ಅಕ್ಷ ಒಂದೇ ಕಡೆ ಮುಖ ಮಾಡಿರುತ್ತೆ, ಧ್ರುವ ನಕ್ಷತ್ರದ ಕಡೆಗೆ. ಸೂರ್ಯನ ಈ ಪಕ್ಕದಲ್ಲಿದ್ದಾಗ ಉತ್ತರಾರ್ಧ ಸೂರ್ಯನ ಕಡೆ ಬಾಗಿದ ಹಾಗೆ, ಆರು ತಿಂಗಳಾದ ಮೇಲೆ ಆ ಪಕ್ಕಕ್ಕೆ ಹೋದಾಗ ಹಿಂದಕ್ಕೆ ಸರಿದ ಹಾಗೆ. ಭೂಮಿ ತಲೆ ಅಲ್ಲಾಡಿಸೋದೇ ಇಲ್ಲ, ನಿಂತ ಜಾಗ ಬದಲಾಗುತ್ತೆ ಅಷ್ಟೆ.

ಎರಡನೇ ಫೋಟೋದಲ್ಲಿ ಬಾಣದ ಗುರುತು ಹಾಕಿರೋ ಚುಕ್ಕೆ ಧ್ರುವ. ಮೈಸೂರಲ್ಲಿ ಅದು ದಿಗಂತದಿಂದ ಬರೀ 12 ಡಿಗ್ರಿ ಮೇಲೆ. ನಮ್ಮ ಅಕ್ಷಾಂಶವೂ ಅಷ್ಟೇ. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತೋ ನೀವು ಸಮಭಾಜಕದಿಂದ ಅಷ್ಟು ಡಿಗ್ರಿ ಉತ್ತರಕ್ಕಿದ್ದೀರಿ.

3/10

ಗುರು ಮತ್ತು ಶನಿ. ಫೋಟೋ ನನ್ನ ಸಣ್ಣ ದೂರದರ್ಶಕದ್ದು, ಫೋನನ್ನ ಕಣ್ಣಿಡೋ ಜಾಗಕ್ಕೆ ಒತ್ತಿ ಹಿಡಿದು ತೆಗೆದದ್ದು. ಕ್ವಾಲಿಟಿ ಕೇಳ್ಬೇಡಿ.

ಗುರು ನಮ್ಮ ಭೂಮಿಗಿಂತ ಅಡ್ಡಳತೆಯಲ್ಲಿ ಹನ್ನೊಂದು ಪಟ್ಟು ದೊಡ್ಡದು. ಅಷ್ಟು ದೊಡ್ಡ ದೇಹ ಇಟ್ಕೊಂಡು ಹತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತೆ, 9 ಗಂಟೆ 55 ನಿಮಿಷ. ಆ ರಭಸಕ್ಕೆ ಹೊಟ್ಟೆ ಉಬ್ಬಿದೆ. ಸಮಭಾಜಕದ ಅಡ್ಡಳತೆ 1,42,984 ಕಿ.ಮೀ., ಧ್ರುವದಿಂದ ಧ್ರುವಕ್ಕೆ 1,33,708. ವ್ಯತ್ಯಾಸ 9,276 ಕಿ.ಮೀ. ಫೋಟೋದಲ್ಲಿ ಗುರು ದುಂಡಗಿಲ್ಲ, ಸ್ವಲ್ಪ ಅಮುಕಿದ ಮೋಸಂಬಿ ಥರ ಇದೆ. ಫೋನಿನ ತಪ್ಪಲ್ಲ ಅದು.

ಆದರೆ ಗುರು ವಾಲಿರೋದು ಬರೀ 3 ಡಿಗ್ರಿ. ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಹಾಗಾಗಿ ಅಲ್ಲಿ ನಾವು ತಿಳಿದಂಥ ಋತುಗಳಿಲ್ಲ. ಹನ್ನೆರಡು ವರ್ಷದ ಒಂದು ಸುತ್ತಿನಲ್ಲಿ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ.

ಶನಿ ವಾಲಿರೋದು 26.7 ಡಿಗ್ರಿ, ನಮಗಿಂತ ಸ್ವಲ್ಪ ಜಾಸ್ತಿ. ಬಳೆಗಳು ಸಮಭಾಜಕದ ಮೇಲೇ ಇರೋದರಿಂದ ಆ ವಾಲುವಿಕೆ ಕಣ್ಣಿಗೇ ಕಾಣುತ್ತೆ. ಶನಿ ಸೂರ್ಯನ ಸುತ್ತ ಬರೋಕೆ 29 ವರ್ಷ ಚಿಲ್ಲರೆ ಬೇಕು. ಅಷ್ಟರಲ್ಲಿ ಎರಡು ಸಲ ಬಳೆಗಳ ಅಂಚು ನಮ್ಮ ಕಡೆಗೆ ನೇರ ತಿರುಗಿ, ಬಳೆಯೇ ಇಲ್ಲದ ಹಾಗೆ ಕಾಣುತ್ತೆ. 2025ರ ಮಾರ್ಚ್‌ನಲ್ಲಿ ಹಾಗಾಯ್ತು. ನನ್ನ ಫೋಟೋ ಅದೇ ವರ್ಷ ನವೆಂಬರ್‌ದು. ಆಗಲೂ ಬಳೆ ಒಂದು ಸೂಜಿಯಷ್ಟೇ ತೆಳ್ಳಗಿತ್ತು.

ಗೆಲಿಲಿಯೋ 1610ರಲ್ಲಿ ಶನಿಯ ಎರಡು ಪಕ್ಕ ಏನೋ ಅಂಟಿಕೊಂಡಿರೋದನ್ನ ನೋಡಿದ್ದ. 1612ರಲ್ಲಿ ನೋಡಿದರೆ ಅದು ಮಾಯ! ಪಾಪ, ಅವನಿಗೆ ತಲೆಬುಡ ತಿಳೀಲಿಲ್ಲ. ಅದು ಗ್ರಹಕ್ಕೆ ಎಲ್ಲೂ ತಾಗದ ಒಂದು ಚಪ್ಪಟೆ ಬಳೆ, ವಾಲಿಕೊಂಡಿದೆ, ಅದಕ್ಕೇ ಒಮ್ಮೆ ಕಾಣುತ್ತೆ ಒಮ್ಮೆ ಇಲ್ಲ ಅಂತ ಬಿಡಿಸಿ ಹೇಳಿದ್ದು ಹೈಗನ್ಸ್, 1659ರಲ್ಲಿ. ಒಂದು ವಾಲುವಿಕೆಯನ್ನ ಅರ್ಥ ಮಾಡ್ಕೊಳ್ಳೋಕೆ ಅರ್ಧ ಶತಮಾನ ಹಿಡೀತು.

4/10

ಈಗ ಒಳಗಿನ ಇಬ್ಬರು: ಬುಧ, ಶುಕ್ರ. ಇಲ್ಲಿ "ದಿನ" ಅನ್ನೋ ಪದವೇ ಗಡಿಬಿಡಿ ಮಾಡುತ್ತೆ.

ಶುಕ್ರ ತನ್ನ ಸುತ್ತ ಒಂದು ಸುತ್ತು ಬರೋಕೆ ನಮ್ಮ 243 ದಿನ ಬೇಕು. ಸೂರ್ಯನ ಸುತ್ತ ಬರೋಕೆ 225 ದಿನ ಸಾಕು. ಸುತ್ತೋ ದಿಕ್ಕೂ ಉಲ್ಟಾ. ಪುಸ್ತಕಗಳಲ್ಲಿ ಶುಕ್ರನ ವಾಲುವಿಕೆ 177 ಡಿಗ್ರಿ ಅಂತ ಬರೀತಾರೆ. ಅಂದ್ರೆ ಹೆಚ್ಚುಕಡಿಮೆ ತಲೆಕೆಳಗಾಗಿ ನಿಂತ ಬುಗುರಿ. ಅಲ್ಲಿ ನಿಂತು ನೋಡೋಕಾದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗ್ತಾನೆ. ನೋಡೋಕಾಗಲ್ಲ ಅನ್ನೋದು ಬೇರೆ ಮಾತು, ಅಷ್ಟು ದಟ್ಟ ಮೋಡ. ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ 117 ದಿನ. ವಿಚಿತ್ರ ಅಂದ್ರೆ ಮೇಲಿನ ಮೋಡಗಳು ಮಾತ್ರ ನಾಲ್ಕೇ ದಿನದಲ್ಲಿ ಇಡೀ ಗ್ರಹ ಸುತ್ತಿ ಬರ್ತವೆ. ನೆಲ ಎಷ್ಟು ನಿಧಾನ ಅನ್ನೋದು ಗೊತ್ತಾಗಿದ್ದು 1960ರ ದಶಕದಲ್ಲಿ, ಮೋಡ ತೂರಿ ಹೋಗೋ ರೇಡಾರ್ ಅಲೆಗಳಿಂದ.

ಬುಧನ ಕಥೆಯಲ್ಲೂ ರೇಡಾರ್ ಇದೆ. ಅದು 88 ದಿನಕ್ಕೆ ಸೂರ್ಯನ ಸುತ್ತ ಬರುತ್ತೆ. ಚಂದ್ರ ನಮಗೆ ಒಂದೇ ಮುಖ ತೋರಿಸೋ ಹಾಗೆ ಬುಧನೂ ಸೂರ್ಯನಿಗೆ ಒಂದೇ ಮುಖ ತೋರಿಸುತ್ತೆ, ತನ್ನ ಸುತ್ತ ತಿರುಗೋಕೂ 88 ದಿನವೇ ಅಂತ ಇಟಲಿಯ ಸ್ಕಿಯಾಪರೆಲ್ಲಿ ಹೇಳಿದ್ದನ್ನ ಹಲವು ದಶಕ ಎಲ್ಲರೂ ನಂಬಿದ್ರು. 1965ರಲ್ಲಿ ಪೋರ್ಟೊ ರಿಕೋದ ಅರೆಸಿಬೊ ರೇಡಾರ್‌ನಿಂದ ಅಳೆದಾಗ ಸುಮಾರು 59 ದಿನ ಅಂತ ತಿಳೀತು. ಎರಡು ವರ್ಷದಲ್ಲಿ ಸರಿಯಾಗಿ ಮೂರು ಸುತ್ತು. ಇದನ್ನೆಲ್ಲ ಕೂಡಿ ಕಳೆದರೆ ಅಲ್ಲಿ ಒಂದು ಹಗಲು-ರಾತ್ರಿ ಮುಗಿಯೋಕೆ 176 ದಿನ, ಅಂದ್ರೆ ಬುಧನ ಎರಡು ವರ್ಷ. ಒಂದು ದಿನದೊಳಗೆ ಎರಡು ಹುಟ್ಟುಹಬ್ಬ!

ಬುಧನ ಅಕ್ಷ ಮಾತ್ರ ಕಡ್ಡಿ ಥರ ನೆಟ್ಟಗಿದೆ, ವಾಲುವಿಕೆ ಒಂದು ಡಿಗ್ರಿಯ ನೂರರಲ್ಲಿ ಮೂರು ಪಾಲು. ಹಾಗಾಗಿ ಧ್ರುವದ ಕುಳಿಗಳ ತಳಕ್ಕೆ ಬಿಸಿಲು ಯಾವತ್ತೂ ಇಳಿಯೋದೇ ಇಲ್ಲ. ಸೂರ್ಯನಿಗೆ ಅತಿ ಹತ್ತಿರದ ಗ್ರಹದಲ್ಲಿ, ಆ ಕುಳಿಗಳೊಳಗೆ, ನೀರಿನ ಮಂಜುಗಡ್ಡೆ ಇದೆ ಅಂತ 2012ರಲ್ಲಿ ಮೆಸೆಂಜರ್ ನೌಕೆಯ ಅಳತೆಗಳು ಗಟ್ಟಿ ಮಾಡಿದವು.

5/10

ಯುರೇನಸ್. ಎಲ್ಲರೂ ಬುಗುರಿ ಥರ ತಿರುಗಿದರೆ ಇವನು ಉರುಳೋ ಗೋಲಿ ಥರ. ವಾಲುವಿಕೆ 97.8 ಡಿಗ್ರಿ, ಪೂರ್ತಿ ಮಲಗಿಬಿಟ್ಟಿದ್ದಾನೆ. 17 ಗಂಟೆ ಚಿಲ್ಲರೆಗೆ ಒಂದು ಸುತ್ತು. ಸೂರ್ಯನ ಸುತ್ತ 84 ವರ್ಷ.

ಇದರ ಪರಿಣಾಮ ಏನು? ಧ್ರುವದಲ್ಲಿ ನಿಂತರೆ 42 ವರ್ಷ ಒಂದೇ ಸಮ ಬೆಳಕು, ಆಮೇಲೆ 42 ವರ್ಷ ಕತ್ತಲು. 1986ರ ಜನವರಿಯಲ್ಲಿ ವಾಯೇಜರ್ 2 ಹಾದುಹೋದಾಗ ಅದರ ದಕ್ಷಿಣ ಧ್ರುವ ಸೂರ್ಯನ ಕಡೆ ಮುಖ ಮಾಡಿತ್ತು. 2007ರಲ್ಲಿ ಹಗಲು-ರಾತ್ರಿ ಸಮ ಆಯ್ತು. ಈ ದಶಕದ ಕೊನೆಗೆ ಉತ್ತರ ಧ್ರುವದ ಸರದಿ. ಹಿಂದೆ ಯಾವುದೋ ಕಾಲದಲ್ಲಿ ಭೂಮಿಯಷ್ಟೋ ಅದಕ್ಕೂ ದೊಡ್ಡದೋ ಆದ ಒಂದು ಕಾಯ ಬಂದು ಗುದ್ದಿ ಕೆಡವಿರಬೇಕು ಅನ್ನೋದು ಹೆಚ್ಚು ಜನ ಒಪ್ಪೋ ವಿವರಣೆ.

ಇದರಲ್ಲಿ ನಮ್ಮೂರ ಕಡೆಯ ಒಂದು ಎಳೆಯೂ ಇದೆ. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಒಂದು ನಕ್ಷತ್ರವನ್ನ ಮರೆ ಮಾಡೋದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರು ವೀಕ್ಷಣಾಲಯ (ತಮಿಳುನಾಡಿನ ಜವಾದಿ ಬೆಟ್ಟದಲ್ಲಿದೆ) ಒಂದು ಮೀಟರ್ ದೂರದರ್ಶಕದಲ್ಲಿ ಅದನ್ನ ಕಾಯ್ತಾ ಇತ್ತು. ಗ್ರಹ ಮುಚ್ಚೋದಕ್ಕೆ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿದ್ದನ್ನ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ದಾಖಲಿಸಿದ್ರು. ಅದೇ ರಾತ್ರಿ ವಿಮಾನದಲ್ಲಿ ದೂರದರ್ಶಕ ಇಟ್ಟು ನೋಡ್ತಿದ್ದ ಅಮೆರಿಕದ ಜೇಮ್ಸ್ ಎಲಿಯಟ್ ತಂಡಕ್ಕೆ ಬೆಳಕು ಹಲವು ಸಲ ಕುಗ್ಗಿದ್ದು ಕಂಡಿತು. ಅವು ಯುರೇನಸ್‌ನ ಬಳೆಗಳು. ಗ್ರಹದ ಜೊತೆ ಬಳೆಗಳೂ ಮಲಗಿವೆ. ಆ ವರ್ಷಗಳಲ್ಲಿ ನಮ್ಮ ಕಡೆಯಿಂದ ಅವು ಗುರಿಹಲಗೆಯ ವೃತ್ತಗಳ ಹಾಗೆ ಕಾಣೋ ಸ್ಥಿತಿಯಲ್ಲಿದ್ದವು.

ಇದನ್ನ ಅಮ್ಮನಿಗೆ ಹೇಳ್ತಾ ಇದ್ದಾಗ ಅವರು ಮೊದಲು ಲೆಕ್ಕ ಹಾಕಿದ್ದು ಬೇರೆ. "ಅಂದ್ರೆ ಅಲ್ಲಿ ಒಂದು ಅಯನ ಅಂದ್ರೆ 42 ವರ್ಷ. ಭೀಷ್ಮಾಚಾರ್ಯರು 58 ರಾತ್ರಿ ಬಾಣದ ಮೇಲೆ ಮಲಗಿದ್ದಕ್ಕೇ ನಮಗೆ ಅಷ್ಟು ಸಂಕಟ. ಅಲ್ಲಿದ್ದಿದ್ರೆ ಪಾಪ ಏನು ಗತಿ."

ತುಂಬ ದಿನದ ಮೇಲೆ ಅಮ್ಮ ನಕ್ಕಿದ್ದು ಅವತ್ತು.

6/10

ಮಂಗಳ ನೋಡೋಕೆ ನಮ್ಮ ತಮ್ಮನೇ. ವಾಲುವಿಕೆ 25.2 ಡಿಗ್ರಿ. ಒಂದು ಸುತ್ತಿಗೆ 24 ಗಂಟೆ 37 ನಿಮಿಷ. ಸೂರ್ಯನ ಲೆಕ್ಕದ ದಿನ 24 ಗಂಟೆ 39 ನಿಮಿಷ ಚಿಲ್ಲರೆ. ಹಾಗಾಗಿ ಅಲ್ಲೂ ನಾಲ್ಕು ಋತುಗಳಿವೆ. ವರ್ಷ 687 ದಿನ ಆದ್ದರಿಂದ ಒಂದೊಂದೂ ನಮ್ಮದರ ಎರಡರಷ್ಟು ಉದ್ದ. ಅಲ್ಲಿ ಗಾಡಿ ಓಡಿಸೋ ವಿಜ್ಞಾನಿಗಳು ಮೊದಲ ಕೆಲವು ತಿಂಗಳು ಮಂಗಳದ ಗಡಿಯಾರಕ್ಕೇ ಕೆಲಸ ಮಾಡ್ತಾರೆ. ದಿನಾ ಆಫೀಸಿಗೆ ಹೋಗೋದು 40 ನಿಮಿಷ ತಡ. ಎರಡೂವರೆ ವಾರ ಕಳೆಯೋದ್ರೊಳಗೆ ಬೆಳಗಿನ ಪಾಳಿ ನಡುರಾತ್ರಿಗೆ ಬಂದಿರುತ್ತೆ. ನೈಟ್ ಶಿಫ್ಟ್ ಮಾಡೋ ಸ್ನೇಹಿತರೇ, ನಿಮಗಿಂತ ಕಷ್ಟದವರೂ ಇದ್ದಾರೆ.

ಆದರೆ ಈ ಹೋಲಿಕೆ ತಾತ್ಕಾಲಿಕ. 1993ರಲ್ಲಿ ಫ್ರಾನ್ಸ್‌ನ ಜಾಕ್ ಲಾಸ್ಕಾರ್ ಮತ್ತು ಫಿಲಿಪ್ ರೊಬುಟೆಲ್ ಲೆಕ್ಕ ಹಾಕಿ ತೋರಿಸಿದ್ರು: ಮಂಗಳದ ವಾಲುವಿಕೆ ಕೋಟ್ಯಂತರ ವರ್ಷಗಳಲ್ಲಿ 0ಯಿಂದ ಸುಮಾರು 60 ಡಿಗ್ರಿವರೆಗೂ ಓಲಾಡಬಲ್ಲದು, ಹೇಗೆ ಅಂತ ಮೊದಲೇ ಹೇಳೋಕೂ ಆಗಲ್ಲ. ಬೇರೆ ಗ್ರಹಗಳ ಎಳೆತ ಅದನ್ನ ಆ ಕಡೆ ಈ ಕಡೆ ದೂಡ್ತಾ ಇರುತ್ತೆ.

ಭೂಮಿಗೆ ಯಾಕೆ ಹೀಗಾಗ್ಲಿಲ್ಲ? ಚಂದ್ರ ಇದ್ದಾನೆ. ಮಂಗಳಕ್ಕೂ ಎರಡು ಚಂದ್ರರಿದ್ದಾರೆ, ಆದರೆ ಎರಡೂ ಆಲೂಗಡ್ಡೆ ಥರದ ಸಣ್ಣ ಬಂಡೆಗಳು. ನಮ್ಮ ಚಂದ್ರ ಭೂಮಿಯ ಕಾಲು ಭಾಗಕ್ಕಿಂತ ಹೆಚ್ಚು ಅಗಲ. ಅವನ ಎಳೆತದಿಂದಾಗಿ ಭೂಮಿಯ ವಾಲುವಿಕೆ 22.1 ಮತ್ತು 24.5 ಡಿಗ್ರಿಗಳ ನಡುವೆಯೇ ಉಳಿಯುತ್ತೆ, ಸುಮಾರು 41,000 ವರ್ಷಕ್ಕೊಂದು ಸಲ ಹೋಗಿ ಬರುತ್ತೆ. ಇಷ್ಟು ಸಣ್ಣ ಓಲಾಟವೂ ಹಿಮಯುಗಗಳ ಏರಿಳಿತದಲ್ಲಿ ಪಾಲು ಪಡೆದಿದೆ ಅಂದ್ರೆ, 60 ಡಿಗ್ರಿ ಓಲಾಡಿದ್ರೆ ಏನಾಗ್ತಿತ್ತು ಅಂತ ಯೋಚಿಸಿ. ಈಗ ವಾಲುವಿಕೆ ಕಮ್ಮಿ ಆಗ್ತಾ ಇದೆ. ಆದ್ದರಿಂದ ಕರ್ಕಾಟಕ ವೃತ್ತ ವರ್ಷಕ್ಕೆ ಸುಮಾರು 14-15 ಮೀಟರ್ ದಕ್ಷಿಣಕ್ಕೆ ಸರೀತಾ ಇದೆ.

ಮುಂಗಾರು, ರಾಗಿ ಬಿತ್ತನೆ, ಮಾವಿನ ಹೂವು, ಎಲ್ಲವೂ ಈ ಹಿಡಿತದ ಮೇಲೆ ನಿಂತಿವೆ.

7/10

ಇವತ್ತಿನ ವಿಡಿಯೋ ನೋಡಿ. ಪಕ್ಕದ ಮನೆ ಹುಡುಗ ಬಿಟ್ಟ ಬುಗುರಿ. ವೇಗ ಸ್ವಲ್ಪ ಇಳಿದ ಮೇಲೆ ಅದರ ತಲೆ ನಿಧಾನವಾಗಿ ಒಂದು ವೃತ್ತ ಬರೆಯುತ್ತೆ ನೋಡಿ. ವಾಲಿರೋ ಕೋನ ಸುಮಾರಾಗಿ ಅಷ್ಟೇ ಇರುತ್ತೆ, ವಾಲಿರೋ ದಿಕ್ಕು ಮಾತ್ರ ಸುತ್ತುತ್ತೆ.

ಭೂಮಿಯೂ ಹೀಗೇ ಮಾಡುತ್ತೆ. ಒಂದು ವೃತ್ತಕ್ಕೆ ಸುಮಾರು 26,000 ವರ್ಷ. ಕಾರಣ ಭೂಮಿಯ ಹೊಟ್ಟೆ. ಗುರುವಿನಷ್ಟಲ್ಲದಿದ್ದರೂ ನಮ್ಮದೂ ಸ್ವಲ್ಪ ಉಬ್ಬಿದೆ, ಸಮಭಾಜಕದ ಅಡ್ಡಳತೆ ಧ್ರುವದ್ದಕ್ಕಿಂತ 43 ಕಿ.ಮೀ. ಜಾಸ್ತಿ. ಸೂರ್ಯ-ಚಂದ್ರರು ಆ ಉಬ್ಬನ್ನ ಹಿಡಿದು ಭೂಮಿಯನ್ನ ನೆಟ್ಟಗೆ ನಿಲ್ಲಿಸೋಕೆ ಎಳೀತಾರೆ. ತಿರುಗ್ತಿರೋ ಬುಗುರಿಯನ್ನ ಎಳೆದರೆ ಅದು ಎಳೆದ ಕಡೆ ಬರಲ್ಲ, ಪಕ್ಕಕ್ಕೆ ಸರಿಯುತ್ತೆ. ಕೈಯಲ್ಲಿ ಸೈಕಲ್ ಚಕ್ರ ತಿರುಗಿಸಿ ಹಿಡ್ಕೊಂಡು ವಾಲಿಸೋಕೆ ನೋಡಿ, ಗೊತ್ತಾಗುತ್ತೆ.

ಇದರಿಂದ ಎರಡು ಪರಿಣಾಮ.

ಒಂದು, ಧ್ರುವ ನಕ್ಷತ್ರ ಧ್ರುವ ಅಲ್ಲ. ಈಜಿಪ್ಟಿನವರು ದೊಡ್ಡ ಪಿರಮಿಡ್ ಕಟ್ಟಿದ ಕಾಲಕ್ಕೆ ಅಕ್ಷ ಥೂಬನ್ ಅನ್ನೋ ಬೇರೆ ನಕ್ಷತ್ರದ ಹತ್ತಿರ ಮುಖ ಮಾಡಿತ್ತು. ಇನ್ನು ಹನ್ನೆರಡು ಸಾವಿರ ವರ್ಷದ ಹೊತ್ತಿಗೆ ನಮ್ಮ ಅಭಿಜಿತ್ ನಕ್ಷತ್ರದ ಆಸುಪಾಸಿಗೆ ಬರುತ್ತೆ. ಮದುವೇಲಿ ಅರುಂಧತಿ ಜೊತೆ ಧ್ರುವನನ್ನೂ ತೋರಿಸ್ತಾರಲ್ಲ, ಆಗಿನ ಪುರೋಹಿತರು ಬೇರೆ ಕಡೆ ಕೈ ತೋರಿಸಬೇಕಾಗುತ್ತೆ.

ಎರಡು, ಋತುಗಳ ಹಿನ್ನೆಲೆಯ ನಕ್ಷತ್ರಗಳು ಬದಲಾಗ್ತವೆ. ಸೂರ್ಯ ದಕ್ಷಿಣದ ಕೊನೆ ಮುಟ್ಟಿ ತಿರುಗೋ ಜಾಗ ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರೀತಾ ಇದೆ. ಒಂದು ಮನುಷ್ಯಾಯುಷ್ಯಕ್ಕೆ ಒಂದೇ ಡಿಗ್ರಿ. ಗ್ರೀಸಿನ ಹಿಪಾರ್ಕಸ್ ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲೇ, ತನಗಿಂತ ಹಿಂದಿನವರ ಅಳತೆಗಳ ಜೊತೆ ತನ್ನದನ್ನ ಹೋಲಿಸಿ ಇದನ್ನ ಹಿಡಿದಿದ್ದ. ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಇದಕ್ಕೆ ಅಯನಚಲನ ಅಂತ ಹೆಸರಿದೆ. ಸರಿದಷ್ಟು ದೂರಕ್ಕೆ ಅಯನಾಂಶ. ಪಂಚಾಂಗದ ಮೊದಲ ಪುಟಗಳನ್ನ ತಿರುವಿ ನೋಡಿ, ಆ ವರ್ಷದ ಅಯನಾಂಶ ಅಚ್ಚಾಗಿರುತ್ತೆ. ಈಗ ಅದು ಸುಮಾರು 24 ಡಿಗ್ರಿ.

ಈ 24ನ್ನ ನೆನಪಿಟ್ಕೊಳ್ಳಿ.

8/10

ನಮ್ಮಪ್ಪ ತೀರ್ಕೊಂಡಿದ್ದು 2024ರ ಡಿಸೆಂಬರ್ 24ರ ಬೆಳಗಿನ ಜಾವ.

ವೈಕುಂಠ ಸಮಾರಾಧನೆ ದಿನ, ಎಲೆ ಮುಂದೆ ಕೂತಿದ್ದಾಗ, ಬಂಧುಗಳೊಬ್ಬರು ಹೇಳಿದ್ರು: "ಒಳ್ಳೇ ಜೀವ. ಇನ್ನು ಮೂರು ವಾರ ಉಸಿರು ಹಿಡಿದಿದ್ರೆ ಉತ್ತರಾಯಣ ಬರ್ತಿತ್ತು. ದಕ್ಷಿಣಾಯನದಲ್ಲಿ ಹೋಗ್ಬಿಟ್ರು." ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಬಡಿಸ್ತಾ ಇದ್ದ ಅಮ್ಮನ ಕಿವಿಗೆ ಬಿತ್ತು. ಗೀತೆಯ ಎಂಟನೇ ಅಧ್ಯಾಯವನ್ನ ಅಮ್ಮ ದಿನಾ ಓದ್ತಿದ್ದವರು. ಆಮೇಲೆ ಓದೋದು ಬಿಟ್ರು. ಸಂಕ್ರಾಂತಿ ಕಳೆದ ಮೇಲೆ ನನ್ನನ್ನ ಕೇಳಿದ ಪ್ರಶ್ನೆ ಮೊದಲ ಕಂತಿನಲ್ಲಿದೆ.

ಈಗ ಲೆಕ್ಕ. ಉತ್ತರಾಯಣ ಅಂದ್ರೆ ಸೂರ್ಯನ ಉತ್ತರದ ನಡಿಗೆ. ಭೂಮಿಯ ವಾಲುವಿಕೆಯ ಪ್ರಕಾರ ಅದು ಶುರುವಾಗೋದು ಡಿಸೆಂಬರ್ 21 ಅಥವಾ 22ಕ್ಕೆ. 2024ರಲ್ಲಿ ಡಿಸೆಂಬರ್ 21ರ ಮಧ್ಯಾಹ್ನ 2:50ಕ್ಕೆ. ಮಕರ ಸಂಕ್ರಾಂತಿ ಅಂದ್ರೆ ನಕ್ಷತ್ರಗಳ ಲೆಕ್ಕದಲ್ಲಿ ಸೂರ್ಯ ಮಕರ ರಾಶಿಗೆ ಕಾಲಿಡೋದು. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಆಗ್ತಿದ್ದವು. ಬುಗುರಿಯ ತಲೆ ಸುತ್ತಿದ್ದರಿಂದ 24 ಡಿಗ್ರಿ ಬೇರೆ ಆದವು. ಅದಕ್ಕೇ ಈಗ 24 ದಿನದ ಅಂತರ. ಇದು ಬೆಳೀತಾನೇ ಇದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಸಂಕ್ರಾಂತಿ. ಈಗ ಸಂಕ್ರಾಂತಿ 14 ಅಥವಾ 15ಕ್ಕೆ.

ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿ ಸಂಜೆ ಲಿಂಗದ ಮೇಲೆ ಬಿಸಿಲು ಬೀಳೋದನ್ನ ಟಿವಿಯಲ್ಲಿ ನೋಡಿರ್ತೀರಿ. ಅದೇ ಬಿಸಿಲು ನವೆಂಬರ್ ಕೊನೆಗೂ ಬೀಳುತ್ತೆ. ಜವಾಹರಲಾಲ್ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನ ಅಧ್ಯಯನ ಮಾಡಿ ಬರೆದಿದ್ದಾರೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ ಅದೇ ಜಾಗ ದಾಟ್ತಾನೆ. ಸಂಕ್ರಾಂತಿಯೇ ತಿರುವಿನ ದಿನ ಆಗಿದ್ದಿದ್ರೆ ಎರಡು ಸಲ ದಾಟೋಕೆ ಆಗ್ತಿರ್ಲಿಲ್ಲ.

ಸರ್ಕಾರದ ಲೆಕ್ಕದಲ್ಲೂ ಇದು ಇದೆ. ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ಶಿಫಾರಸು ಮಾಡಿ, 1957ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಕ ಪಂಚಾಂಗ ವಾಲುವಿಕೆಯನ್ನೇ ಹಿಡಿದು ನಡೆಯುತ್ತೆ. ಅದರಲ್ಲಿ ಪೌಷ ಮಾಸದ ಮೊದಲ ದಿನ ಡಿಸೆಂಬರ್ 22.

9/10

ನಾನು ಹೇಳಿದ್ದನ್ನ ಅಮ್ಮ ತಕ್ಷಣ ನಂಬಲಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತಾ ಇದೀಯ" ಅಂದ್ರು. ಸರಿ, ನೀವೇ ಅಳೀರಿ ಅಂದೆ.

ತಾರಸಿ ಮೇಲೆ ಒಂದು ಮೀಟರ್ ಉದ್ದದ ಪಿವಿಸಿ ಪೈಪನ್ನ ಸಿಮೆಂಟ್ ತುಂಬಿದ ಡಬ್ಬದಲ್ಲಿ ನಿಲ್ಲಿಸಿದ್ವಿ. ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ನೋಡಿದ್ವಿ. ಆ ದಿನದ ಅತಿ ಚಿಕ್ಕ ನೆರಳಿನ ತುದಿಗೆ ಅಮ್ಮ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಮೈಸೂರಲ್ಲಿ ಅದು ಸರಿಯಾಗಿ 12 ಗಂಟೆಗೆ ಆಗಲ್ಲ, ಕಾಲಕ್ಕೆ ತಕ್ಕ ಹಾಗೆ 12:10ರಿಂದ 12:40ರ ಒಳಗೆ ಆಗುತ್ತೆ. ಅಡುಗೆ ಮುಗಿಸಿ ಛತ್ರಿ ಹಿಡ್ಕೊಂಡು ಹೋಗ್ತಿದ್ರು.

ಅಮ್ಮನ ಡೈರಿಯ ಪುಟ ಫೋಟೋದಲ್ಲಿದೆ. ಮಾರ್ಚ್ 20ರ ಹೊತ್ತಿಗೆ ನೆರಳು ಉತ್ತರಕ್ಕೆ 22 ಸೆಂಟಿಮೀಟರ್. ಏಪ್ರಿಲ್ ನಾಲ್ಕನೇ ವಾರದಲ್ಲಿ ಒಂದು ದಿನ ನೆರಳೇ ಇಲ್ಲ, ಪೈಪಿನ ಬುಡದೊಳಗೇ ಮುಳುಗಿತ್ತು. ಆಮೇಲೆ ಅದು ಹೊರಬಂದಿದ್ದು ದಕ್ಷಿಣದ ಕಡೆಗೆ! ಅಮ್ಮ ನನ್ನನ್ನ ಕೂಗಿ ಕರೆದ್ರು. ಜೂನ್‌ನಲ್ಲಿ ಮೋಡದ ಮಧ್ಯೆ ಸಿಕ್ಕ ಒಂದು ದಿನ ದಕ್ಷಿಣಕ್ಕೆ 20. ಆಗಸ್ಟ್‌ನಲ್ಲಿ ಮತ್ತೆ ಸೊನ್ನೆ. ಆಮೇಲೆ ಉತ್ತರಕ್ಕೆ ಬೆಳೀತಾ ಬೆಳೀತಾ ಡಿಸೆಂಬರ್ 21ಕ್ಕೆ 72. ಅದೇ ಅತಿ ಉದ್ದ. ಜನವರಿ 6ಕ್ಕೆ 70ಕ್ಕೆ ಸ್ವಲ್ಪ ಕಮ್ಮಿ. ಸಂಕ್ರಾಂತಿ ದಿನ 66 ಮತ್ತು 67ರ ನಡುವೆ.

ಒಂದು ಮಾತನ್ನ ಇಲ್ಲಿ ಸೇರಿಸಲೇಬೇಕು. ಡಿಸೆಂಬರ್ 21ಕ್ಕೂ 24ಕ್ಕೂ ಈ ಪೈಪಿನ ನೆರಳಿನಲ್ಲಿ ಆಗೋ ವ್ಯತ್ಯಾಸ ಒಂದು ಮಿಲಿಮೀಟರ್‌ಗಿಂತಲೂ ಕಮ್ಮಿ. ನೆರಳಿನ ತುದಿಯ ಮಸುಕೇ ಒಂದು ಸೆಂಟಿಮೀಟರ್ ಇರುತ್ತೆ. ತಿರುವಿನ ಹತ್ತಿರ ಸೂರ್ಯ ನಿಂತ ಹಾಗೇ ಇರ್ತಾನೆ; ಮಾರ್ಚ್‌ನಲ್ಲಾದ್ರೆ ದಿನಕ್ಕೆ ಹೆಚ್ಚುಕಡಿಮೆ ತನ್ನ ಅಗಲದಷ್ಟೇ ಸರೀತಾನೆ. ಹಾಗಾಗಿ "ಇದೇ ದಿನ" ಅಂತ ನಮ್ಮ ಪೈಪು ಹೇಳಲಾರದು. ಅದನ್ನ ಖಗೋಳದ ಲೆಕ್ಕವೇ ಹೇಳಬೇಕು.

ಅಮ್ಮ ಇದಕ್ಕೂ ಒಂದು ದಾರಿ ಹುಡುಕಿದ್ರು. "ಸಂಕ್ರಾಂತಿ ದಿನ ಐದೂವರೆ ಸೆಂಟಿಮೀಟರ್ ಚಿಕ್ಕದಾಗಿತ್ತಲ್ಲ. ಅವತ್ತೇ ತಿರುಗಿದ್ರೆ ಅವತ್ತೇ ಉದ್ದ ಇರ್ಬೇಕಿತ್ತು. ಮೊದಲೇ ತಿರುಗಿದಾನೆ ಅಂತಾಯ್ತು."

ಇಷ್ಟು ಚೊಕ್ಕಟವಾಗಿ ನನಗೂ ಹೇಳೋಕೆ ಬರ್ತಿರ್ಲಿಲ್ಲ.

10/10

ಕಥೆ ಇಲ್ಲಿಗೇ ಮುಗಿದಿದ್ರೆ ಸುಲಭ ಇತ್ತು. ಅಪ್ಪ ಹೋಗಿದ್ದು ಉತ್ತರಾಯಣದ ಮೂರನೇ ದಿನ, ಅಮ್ಮನಿಗೆ ಸಮಾಧಾನ, ಶುಭಂ. ಆದರೆ ಡೈರಿ ಮುಚ್ಚಿಟ್ಟ ಮೇಲೆ ಅಮ್ಮ ಇನ್ನೊಂದು ಕೇಳಿದ್ರು. "ಡಿಸೆಂಬರ್ ಹತ್ತಕ್ಕೆ ಹೋಗಿದ್ದಿದ್ರೆ ಆಗೇನು ಹೇಳ್ತಿದ್ದೆ?"

ಇದಕ್ಕೆ ಖಗೋಳಶಾಸ್ತ್ರದಲ್ಲಿ ಉತ್ತರ ಇಲ್ಲ. ವಾಲುವಿಕೆ ಒಂದು ಕೋನ ಅಷ್ಟೆ, ಅದಕ್ಕೆ ಯಾರು ಒಳ್ಳೆಯವರು ಅಂತ ಗೊತ್ತಿಲ್ಲ. ಸೂರ್ಯ ನಮ್ಮಿಂದ ಅತಿ ದೂರ ದಕ್ಷಿಣಕ್ಕೆ ಸರಿದ ದಿನವೇ ಸಿಡ್ನಿಯಲ್ಲಿ ವರ್ಷದ ಅತಿ ಉದ್ದದ ಹಗಲು. ನಮ್ಮ ಮಾಗಿಯ ಚಳಿ ಅಲ್ಲಿಯವರ ಸೆಕೆ. ಬುಧನಲ್ಲಿ ಅಯನವೇ ಇಲ್ಲದ ಹಾಗೆ, ಯುರೇನಸ್‌ನಲ್ಲಿ ಒಂದು ಆಯುಷ್ಯಕ್ಕೆ ಎರಡು. ಆಕಾಶ ನೋಡಿ ಕಾಲ ಅಳೆಯೋದನ್ನ ಮನುಷ್ಯರು ಕಲಿತ್ರು, ಅದು ದೊಡ್ಡ ವಿದ್ಯೆ. ಅಳತೆಯ ಮೇಲೆ ಅರ್ಥ ಹೊದಿಸಿದ್ದೂ ಮನುಷ್ಯರೇ. ಅಪ್ಪನ ವರ್ಷದ ತಿಥಿ ಚಂದ್ರನ ಲೆಕ್ಕದ್ದು. ಹಾಗಾಗಿ 2025ರಲ್ಲಿ ಅದು ಡಿಸೆಂಬರ್ ಎರಡನೇ ವಾರಕ್ಕೇ ಬಂತು, ಯಾವ ಲೆಕ್ಕದಲ್ಲಿ ನೋಡಿದ್ರೂ ದಕ್ಷಿಣಾಯನ. ಅಮ್ಮ ಶ್ರದ್ಧೆಯಿಂದ ಮಾಡಿಸಿದ್ರು. ಅವತ್ತು ಯಾರೂ ಅಯನದ ಮಾತೆತ್ತಲಿಲ್ಲ.

ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ನನಗೆ ಆ ಮಾತು ಚುಚ್ಚಿದ್ದು ಅಯನಕ್ಕಲ್ಲ. ಇನ್ನು ಮೂರು ವಾರ ಇರಬಹುದಿತ್ತು ಅಂದ್ರಲ್ಲ, ಅದಕ್ಕೆ. ಅಷ್ಟು ದಿನ ಇರೋ ಶಕ್ತಿ ಅವರಿಗಿರ್ಲಿಲ್ಲ. ನಾನು ನೋಡಿದೀನಲ್ಲ."

ಆ ಬಂಧುಗಳಿಗೆ ಈ ಲೆಕ್ಕ ತಿಳಿಸಲಾ ಅಂತ ಕೇಳಿದ್ದಕ್ಕೆ ಬೇಡ ಅಂದ್ರು. ಪೈಪು ಮಾತ್ರ ತೆಗೀಬೇಡ ಅಂದ್ರು. ಈಗ ಅಕ್ಕಪಕ್ಕದ ಮಕ್ಕಳಿಗೆ ನೆರಳು ಅಳೆಯೋದನ್ನ ಅವರೇ ಹೇಳಿಕೊಡ್ತಾರೆ.

ನೀವೂ ಮಾಡಿ ನೋಡಿ. ಒಂದು ಕೋಲು, ಸೀಮೆಸುಣ್ಣ, ಪುಸ್ತಕ ಸಾಕು. ಬೆಂಗಳೂರು-ಮಂಗಳೂರಿನವರು ಏಪ್ರಿಲ್ 24ರ ಆಸುಪಾಸಿನಲ್ಲಿ ಶೂನ್ಯ ನೆರಳಿಗೆ ಕಾಯಿರಿ. ಹುಬ್ಬಳ್ಳಿ-ಧಾರವಾಡದವರಿಗೆ ಮೇ ಮೊದಲ ವಾರ. ಬೀದರ್, ಕಲಬುರಗಿ ಕಡೆಯವರಿಗೆ ಇನ್ನೂ ಸ್ವಲ್ಪ ತಡ. ಊರಿನ ಹೆಸರು, ತಾರೀಖು, ನೆರಳಿನ ಉದ್ದ ಬರೆದು ಕಳಿಸಿ, ಎಲ್ಲರದ್ದನ್ನೂ ಒಂದು ನಕ್ಷೆಯಲ್ಲಿ ಕೂರಿಸಿ ಹಾಕ್ತೀನಿ.

ಮುಂದಿನ ಸರಣಿ: ಚಂದ್ರ ನಮಗೆ ಬೆನ್ನು ಯಾಕೆ ತೋರಿಸಲ್ಲ?

#ಗ್ರಹಗಳು #ಉತ್ತರಾಯಣ #ಕನ್ನಡದಲ್ಲಿಖಗೋಳ #ತಾರಸಿಯಿಂದ #ಶೂನ್ಯನೆರಳು